ಮುಹೂರ್ತಕ್ಕೆ ಕೈಕೊಟ್ಟ ಬ್ಯಾಟರಿ

ಚಾರ್ಜ್ ಮಾಡುವ ಬ್ಯಾಟರಿ ಕೊಳ್ಳುವವರು ಮೊದಲು ಅದರ ಹೊಟ್ಟೆಯಲ್ಲಿ ಏನಿದೆ ಅಂತ ಕೇಳಬೇಕು. ನಿಕಲ್ ಕ್ಯಾಡ್ಮಿಯಂ ಆದರೆ ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಿ. ಅರ್ಧಕ್ಕೇ ಹಾಕುವ ಅಭ್ಯಾಸ ಮಾಡಿಸಿದರೆ ಅರ್ಧಕ್ಕೇ ಸುಸ್ತಾಗುತ್ತದೆ. ಸೀಸದ್ದು ತದ್ವಿರುದ್ಧ: ಖಾಲಿ ಬಿಟ್ಟಿರೋ, ಕೆಟ್ಟಿತು. ಇಷ್ಟು ತಿಳಿಯದ್ದಕ್ಕೆ ಜಯನಗರದ ಒಂದು ಛತ್ರದಲ್ಲಿ ನನ್ನ ಪಾಲುದಾರನ ಹಲ್ಲು ಉದುರಿತು.

ಎಂಬತ್ತರ ದಶಕದ ಕೊನೆ. ನಾವಿಬ್ಬರೂ ಮದುವೆ ವಿಡಿಯೋ ತೆಗೆಯುತ್ತಿದ್ದೆವು. ಹಳೇ ಕ್ಯಾಮೆರಾದ ಬ್ಯಾಟರಿ ನಿಕಲ್ಲಿನದು. ಪ್ರತಿ ಮದುವೆ ಆದಮೇಲೆ ಅವನು ಬ್ಯಾಟರಿಗೆ ಸ್ಕೂಟರಿನ ಹೆಡ್‌ಲೈಟ್ ಬಲ್ಬು ಕಟ್ಟಿ, ಪೂರ್ತಿ ಆರುವವರೆಗೆ ಉರಿಸುತ್ತಿದ್ದ. ಆಮೇಲೆ ನಾನು ಚೌಕಾಸಿ ಮಾಡಿ ತಂದ ದೊಡ್ಡ ಕ್ಯಾಮೆರಾಕ್ಕೆ ಸೀಸದ ಬ್ಯಾಟರಿ. ನನಗೆ ಹೇಳದೆ ಅದಕ್ಕೂ ಅದೇ ಉಪಚಾರ ಮಾಡುತ್ತಿದ್ದನಂತೆ.

ಜರಗನಹಳ್ಳಿ ಕಡೆಯವರ ಮದುವೆ. ಗಟ್ಟಿಮೇಳ ಎದ್ದಿತು, ವರ ತಾಳಿ ಎತ್ತಿದ, ಕ್ಯಾಮೆರಾ ಕಣ್ಣು ಮುಚ್ಚಿತು.

ವಿಷಯ ತಿಳಿದದ್ದೇ ತಡ, ಹುಡುಗಿಯ ಚಿಕ್ಕಪ್ಪ ನನ್ನ ಪಾಲುದಾರನ ಕಾಲರ್ ಹಿಡಿದು ಮಂಟಪದಿಂದ ಕೆಳಗೆ ಎಳೆದರು. ಮೊದಲ ಏಟಿಗೇ ತುಟಿ ಸೀಳಿತು. ಅವರ ಇಬ್ಬರು ಮಕ್ಕಳು ಹೊಟ್ಟೆಗೆ ಗುದ್ದಿದರು. ಚೆಲ್ಲಿದ ಅಕ್ಷತೆಯ ಮೇಲೆ ಹಲ್ಲು ಬಿತ್ತು.

“ಟೇಪಲ್ಲಿ ತಾಳಿ ಕಟ್ಟೋದೇ ಇಲ್ವಲ್ಲೋ, ಮತ್ತಿನ್ನೇನ್ ತೆಗ್ದೆ? ಅಡುಗೆಮನೆ ಹಂಡೆನಾ?” ಅಂತ ಚಿಕ್ಕಪ್ಪ ಗದರಿದರು.

ನಾನು ಅಡ್ಡ ಹೋದೆ. ಕಪಾಳಕ್ಕೆ ಬಿದ್ದ ಏಟಿಗೆ ಕಿವಿ ಗುಂಯ್ ಅಂದಿತು. ಅಷ್ಟರಲ್ಲಿ ಚಿಕ್ಕಪ್ಪ ಅವನ ಬಲಗೈಯನ್ನು ಕಾಲಲ್ಲಿ ಮೆಟ್ಟಿಕೊಂಡು ಲೈಟಿನ ಕಬ್ಬಿಣದ ಸ್ಟ್ಯಾಂಡ್ ಎತ್ತಿದ್ದರು. ಆ ಕೈ ಹೋದರೆ ಅವನ ಕಸುಬೇ ಹೋಯಿತು. ಸಿಟ್ಟಿನಲ್ಲಿರುವವರ ಮುಂದೆ ಗೋಗರೆಯಬೇಡಿ, ಅವರಿಗೆ ಬೇಕಾದದ್ದನ್ನು ತೋರಿಸಿ.

“ಯಜಮಾನ್ರೇ, ಹೊಡೀರಿ, ಬಲಗೈ ಬಿಟ್ಟು ಹೊಡೀರಿ! ಸಪ್ತಪದಿ ಇನ್ನೂ ಬಾಕಿ ಇದೆ. ಆ ಕೈ ಮುರಿದ್ರೆ ಅದೂ ಇಲ್ಲ.”

“ಬ್ಯಾಟರಿನೇ ಸತ್ತೋಗಿದೆ. ಬಾಯಲ್ಲಿ ತೆಗೀತಾನಾ?”

“ಹೊರಗೆ ನಿಮ್ಮ ಜೀಪಿದೆಯಲ್ಲ. ಅದರ ಬ್ಯಾಟರಿನೂ ಸೀಸ, ಇದೂ ಸೀಸ, ಎರಡೂ ಹನ್ನೆರಡು ವೋಲ್ಟು. ಬಿಚ್ಚಿಸಿ ತರ್ಸಿ.”

ಸ್ಟ್ಯಾಂಡ್ ಗಾಳಿಯಲ್ಲೇ ನಿಂತಿತು. ಮಂಟಪದಿಂದ ಮದುಮಗಳು ಕೂಗಿದಳು: “ಚಿಕ್ಕಪ್ಪ, ನನ್ ಮದ್ವೇಲಿ ಕೊಲೆ ಮಾಡ್ಬೇಡಿ. ಅವ್ರು ಹೇಳಿದ್ದು ತರ್ಸಿ!”

ಮಕ್ಕಳು ಓಡಿ ಹೋಗಿ ಹೊತ್ತು ತಂದರು. ಕ್ಯಾಮೆರಾದ ಬ್ಯಾಟರಿ ಸೀಲಾದದ್ದು. ಜೀಪಿನದರಲ್ಲಿ ಆಸಿಡ್ ತುಳುಕುತ್ತದೆ. ಓರೆ ಮಾಡಬೇಡಿ ಅಂತ ಕಿರುಚಿದೆ, ಕೇಳಲಿಲ್ಲ. ದೊಡ್ಡ ಮಗನ ಅಂಗೈ ಸುಟ್ಟಿತು. ಆ ಉರಿಗೆ ಅವನು ಬಿದ್ದಿದ್ದ ಪಾಲುದಾರನ ಬೆನ್ನಿಗೆ ಒಂದು ಒದೆ ಕೊಟ್ಟ. ನಾನು ಕೆಂಪು ತಂತಿ ಪ್ಲಸ್ಸಿಗೆ, ಕಪ್ಪು ತಂತಿ ಮೈನಸ್ಸಿಗೆ ಸಿಕ್ಕಿಸಿದೆ. ಕ್ಯಾಮೆರಾಕ್ಕೆ ಜೀವ ಬಂತು.

ಪಾಲುದಾರ ರಕ್ತ ಉಗಿದು ಕ್ಯಾಮೆರಾ ಹೆಗಲಿಗೇರಿಸಿದ. ಸಪ್ತಪದಿ ಮುಗಿಯುವವರೆಗೆ ಅಲುಗಲಿಲ್ಲ. ಊಟಕ್ಕೆ ಕೂತಾಗ ಎಲೆ ಮುಟ್ಟಲಿಲ್ಲ. ಊದಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳನ್ನು ಮಡಚಿ ಬಿಚ್ಚಿ ನೋಡುತ್ತಿದ್ದ.