ಮಾವನ ಇನ್ನೊಂದು ದನಿ

ನಮ್ಮ ಮನೆತನದಲ್ಲಿ ಮಿಮಿಕ್ರಿ ಬರುವುದು ನನಗೊಬ್ಬನಿಗೇ ಎಂದು ನಂಬಿದ್ದೆ. ಊರವರ ದನಿಗಳನ್ನೆಲ್ಲ ಕದ್ದು ಈ ಅಂಕಣದಲ್ಲಿ ಮಾರುವವನು ನಾನು, ನಿಮಗೆ ಗೊತ್ತೇ ಇದೆ. ಹೋದ ರವಿವಾರ ಆ ಸೊಕ್ಕು ಇಳಿಯಿತು.

ಹುನ್ನೂರಿನ ನಮ್ಮ ಪಡಸಾಲೆಯಲ್ಲಿ ಹಿರಿಯರು ಸೇರಿದ್ದರು. ನನ್ನ ಅಕ್ಕ ಸುವರ್ಣಾ ಐದು ವರ್ಷದ ಮಗಳನ್ನು ಕರೆದುಕೊಂಡು ಬನಹಟ್ಟಿಯ ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಎಡಗೈಗೆ ಪ್ಲಾಸ್ಟರ್. ಇನ್ನು ಹೋಗುವುದಿಲ್ಲ, ಡೈವೋರ್ಸ್ ಬೇಕು ಎನ್ನುತ್ತಾಳೆ.

ಹೀಗೆ ಬಂದದ್ದು ನಾಲ್ಕನೇ ಸಲ. ಹಿಂದಿನ ಮೂರೂ ಸಲ ನಮ್ಮವರು ಚಹಾ ಕುಡಿದರು, ಅಕ್ಕನಿಗೇ ಬುದ್ಧಿ ಹೇಳಿದರು, ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬಿ ಕಳಿಸಿದರು. (ಎರಡು ಸಲ ಅವಳ ಬ್ಯಾಗು ಹೊತ್ತು ಬಸ್ ಹತ್ತಿಸಿದ ಮಹಾನುಭಾವ ನಾನೇ. ಕಿಟಕಿ ಸೀಟು ಹಿಡಿದುಕೊಟ್ಟೆ ಎಂಬ ಹೆಮ್ಮೆ ಬೇರೆ.)

"ಅಲ್ಲ ತಂಗೀ, ಕುಡೀತಾನೇನ?" ಕೇಳಿದರು ಕಲ್ಲಪ್ಪ ಕಾಕಾ, ಹಿರಿಯರಲ್ಲೇ ಹಿರಿಯರು.

"ಇಲ್ರಿ."

"ಮತ್ತೊಬ್ಬಾಕಿನ ಇಟ್ಕೊಂಡಾನೇನ?"

"ಇಲ್ರಿ ಕಾಕಾ. ಹೊಡೀತಾನ."

"ಅದು ಗೊತ್ತಾತು. ಬಿಡಾಕ ಕಾರಣ ಏನಂತ ಕೇಳಾಕತ್ತೇನಿ."

ಮುರಿದ ಕೈ ಕಣ್ಣೆದುರಿಗಿದೆ. ಕಾರಣ ಇನ್ನೂ ಹುಡುಕುತ್ತಿದ್ದಾರೆ! ಗಂಡ ಕುಡಿದರೆ ಅದು ಕಾರಣ. ಇನ್ನೊಬ್ಬಳಿದ್ದರೆ ಕಾರಣ. ಬರೀ ಹೊಡೆದರೆ? ಅದು ಸಂಸಾರ. ಈ ಲಿಸ್ಟು ಮಾಡಿದವರು ಯಾರೋ!

ಸಭೆ ಬಿಗಿಯಾಯಿತು. ಸಡಿಲ ಮಾಡಲು ಕಾಕಾ ನನ್ನ ಕಡೆ ತಿರುಗಿದರು.

"ಲೇ ಮಂಗ್ಯಾ, ನಿಮ್ಮ ಮಾವ ಹೆಂಗ ಮಾತಾಡ್ತಾನ ಒಂದೀಟ ತೋರಸಲೇ. ಅಂಥಾ ಸಂಭಾವಿತ ಮನಶ್ಯಾ!"

ನಾನು ಕರೆಯುವುದನ್ನೇ ಕಾಯುವ ಕಲಾವಿದ. (ತಿಥಿಯ ಊಟದ ಪಂಕ್ತಿಯಲ್ಲೂ ನಗಿಸಿ ಬೈಸಿಕೊಂಡವನು.) ಕತ್ತು ಓರೆ ಮಾಡಿ, ಕೈ ಜೋಡಿಸಿ, ಅಕ್ಕನ ಗಂಡನ ಬೆಣ್ಣೆಯಂಥ ದನಿ ತೆಗೆದೆ. "ಆಗ್ಲಿರೀ... ನೀವು ಹಿರ್ಯಾರು ಹೇಳಿದಂಗ ಆಗ್ಲಿರೀ..."

ಪಡಸಾಲೆ ನಕ್ಕಿತು.

"ಅದು ಹೊರಗಿನ ದನಿ," ಎಂದಳು ಅಕ್ಕ. "ಮನಿಯಾಗಿಂದು ನಾ ಮಾಡ್ತೇನಿ, ಕೇಳ್ರಿ."

ಎದ್ದು ನಿಂತಳು. ಕೂಗಲಿಲ್ಲ. ಹಲ್ಲು ಕಚ್ಚಿ, ದನಿ ತಗ್ಗಿಸಿ ಎರಡೇ ಮಾತು: "ಎಲ್ಲಿ ಸತ್ತೀ? ಬಾ ಇಲ್ಲೆ."

ಹೊಸ್ತಿಲ ಬಳಿ ಆಡುತ್ತಿದ್ದ ಅವಳ ಮಗಳು ಆಟ ಬಿಟ್ಟು ಎದ್ದಳು. ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲು ಮುಚ್ಚಿ, ತುದಿಗಾಲಲ್ಲಿ ನಿಂತು ಚಿಲಕ ಹಾಕಿ, ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಯಾರೂ ಹೇಳಿರಲಿಲ್ಲ. ಆ ಮನೆಯಲ್ಲಿ ಆ ದನಿ ಬಂದಾಗ ಅದು ಅವಳ ಕೆಲಸ.

ಹಿರಿಯರು ಚಪ್ಪಲಿ ಹುಡುಕತೊಡಗಿದರು. ಉಡಿಯ ಮಾತು ಯಾರೂ ಎತ್ತಲಿಲ್ಲ. ಗೆದ್ದೆವು ಎಂದುಕೊಂಡೆ. ನನ್ನ ಬುದ್ಧಿಯೇ ಅಷ್ಟು.

ಮಂಗಳವಾರ ಜಮಖಂಡಿಯಲ್ಲಿ ವಕೀಲರನ್ನು ಕಂಡೆವು. ಆಸ್ಪತ್ರೆಯ ಕಾಗದ ನೋಡಿದರು. ಅದರಲ್ಲಿ ಅಕ್ಕನೇ 'ಬಚ್ಚಲಲ್ಲಿ ಜಾರಿಬಿದ್ದೆ' ಎಂದು ಬರೆಸಿದ್ದಾಳೆ. ಗಂಡ ಪಕ್ಕದಲ್ಲೇ ನಿಂತಿದ್ದನಲ್ಲ!

"ಬಾಜೂ ಮನಿಯವ್ರು ಯಾರರ ಕೇಳ್ಯಾರೇನ್ರಿ?"

"ಸುತ್ತೂಕಡೆ ಮಗ್ಗದ ಸಪ್ಪಳ್ರಿ. ಯಾರಿಗಿ ಕೇಳಸ್ತೈತಿ?"

"ಮಗಳು?"

"ಆಕಿನ ಕೋರ್ಟಿಗಿ ತರಂಗಿಲ್ರಿ."

ತಮ್ಮನಾದ ನಾನು ಸಾಕ್ಷಿ ಹೇಳಬಹುದಂತೆ, ಆದರೆ ತೂಕ ಸಾಲದಂತೆ. (ತೂಕ ನನಗೆ ಯಾವತ್ತು ಇತ್ತು?) ಅಕ್ಕ ಪ್ರತಿ ಸಲ ಪೆಟ್ಟು ತಿಂದೇ ಬರುತ್ತಿದ್ದಳು ಎಂದು ಪಂಚಾಯ್ತಿಗೆ ಕೂತ ಹಿರಿಯರೊಬ್ಬರು ಬಂದು ಹೇಳಿದರೆ ಕೇಸಿಗೆ ಬಲವಂತೆ.

ಬಸ್ಸಿಳಿದವರೇ ಮನೆಮನೆ ಅಲೆದೆವು. ಒಬ್ಬರಿಗೆ ಬಿಪಿ. ಇನ್ನೊಬ್ಬರಿಗೆ ಬನಹಟ್ಟಿಯಲ್ಲಿ ಬೀಗರು. ಅಕ್ಕನ ಪ್ಲಾಸ್ಟರಿನ ಕೈ ನೇತಾಡಿ ನೇತಾಡಿ ಬಾತಿತ್ತು. ಕೊನೆಗೆ ಉಳಿದವರು ಕಲ್ಲಪ್ಪ ಕಾಕಾ.

"ಕೋರ್ಟು ಕಚೇರಿ ನಮಗ್ಯಾಕ ಬೇಕವ್ವಾ," ಎಂದರು ಕಾಕಾ. "ಅಂವ ಹೊಡದಿದ್ದು ನಾವೇನ ಕಣ್ಣಿಲೆ ನೋಡೇವೇನ?"

ನನಗೆ ಯಾವ ದನಿಯೂ ಹೊರಡಲಿಲ್ಲ, ನನ್ನದೂ. ಅಕ್ಕ ಅವರ ಕಟ್ಟೆಯ ಮೇಲೆ ಕೂತೇ ಬಿಟ್ಟಳು.

"ನೋಡದನ ಮೂರ ಸಲ ನನ್ನ ಹೊಳ್ಳಿ ಕಳಿಸಿದ್ರಲ್ಲ ಕಾಕಾ, ಅದನ್ನರ ಬಂದು ಹೇಳ್ರಿ."