ಇದ್ರಾಗೆ ಯಾರ್ದಾದ್ರೂ ದನಿ ಐತಾ?

ನ್ಯಾಮತಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಬೆಳಗಿನ ಐದೂಮುಕ್ಕಾಲಿಗೆ ಮೇಲೇಳುವ ಶಟರ್‌ಗಳು ಎರಡೇ. ಒಂದು ಚಹಾದಂಗಡಿಯದು, ಇನ್ನೊಂದು ದುರುಗೇಶ್ ಅವರ ಮೊಬೈಲ್ ರಿಪೇರಿ ಅಂಗಡಿಯದು. ಮೊದಲ ಬಸ್ಸಿಗೆ ಕೆಲಸಕ್ಕೆ ಹೋಗುವವರು ಫೋನು ಕೊಟ್ಟು ಹತ್ತುತ್ತಾರೆ, ಸಂಜೆ ಇಳಿದು ಒಯ್ಯುತ್ತಾರೆ. ಇವತ್ತು ಎಲ್ಲರಿಗಿಂತ ಮುಂಚೆ ಬಂದವರು ಸೂಳೆಕೆರೆ ಕಡೆಯ ಮೀನು ವ್ಯಾಪಾರಿ ಜುಂಜಪ್ಪ.

“ಮುಟ್ಟಿದ್ರೆ ಅರ್ಧ ತಾಸು ಯೋಚ್ನೆ ಮಾಡ್ತೈತಪ್ಪ ಇದು. ಪಾಪ, ಅದರ ತಪ್ಪಲ್ಲ ಬಿಡು. ನಾನೇ ಮೀನಿನ ಕೈಲಿ ಮುಟ್ತೀನಿ.”

ದುರುಗೇಶ್ ಫೋನು ತೆಗೆದುಕೊಳ್ಳುತ್ತಾರೆ, ಆದರೆ ಬಿಚ್ಚುವುದಿಲ್ಲ. “ಇದ್ರಾಗೆ ಯಾರ್ದಾದ್ರೂ ದನಿ ಐತಾ?” ಎಂದು ಕೇಳುತ್ತಾರೆ.

“ಎಂಥ ದನಿಯಪ್ಪಾ?”

“ಸತ್ತೋರ್ದು, ದೂರ ಇರೋರ್ದು. ಅಳಿಸಿ ಹೋದ್ರೆ ಮತ್ತೆ ಸಿಗದಂಥದ್ದು.”

“ಬೆಳಿಗ್ಗೆ ಬೆಳಿಗ್ಗೆ ಸತ್ತೋರ ಮಾತ್ಯಾಕೋ!” ಎಂದು ನಗುತ್ತಾ ಜುಂಜಪ್ಪ ಮೀನಿನ ಪೆಟ್ಟಿಗೆ ಕಟ್ಟಿದ ಬೈಕು ಹತ್ತುತ್ತಾರೆ. ದುರುಗೇಶ್ ನಗುವುದಿಲ್ಲ. ಫೋನಿನಲ್ಲಿರುವ ಅಷ್ಟನ್ನೂ ಒಂದು ಮೆಮೊರಿ ಕಾರ್ಡಿಗೆ ಇಳಿಸಿ, ಕಾರ್ಡಿನ ಮೇಲೆ ಹೆಸರು ಬರೆದು, ಆಮೇಲಷ್ಟೇ ಸ್ಕ್ರೂ ತಿರುಗಿಸುತ್ತಾರೆ. ಪ್ರತಿ ಫೋನಿಗೂ ಹೀಗೆ ಇಪ್ಪತ್ತು ನಿಮಿಷ ದಂಡ.

ದಿನಕ್ಕೆ ಇಪ್ಪತ್ತೈದು ಫೋನು ಬಂದರೆ ಹದಿನಾರು ‘ಹಕ್ಕಿ’ಯವು. ಆ ಕಂಪನಿಯ ಹೆಸರನ್ನು ಇಲ್ಲಿ ಯಾರೂ ಹೇಳುವುದಿಲ್ಲ, ಹಿಂಬದಿಯ ಗುರುತು ನೋಡಿ ಹಕ್ಕಿ ಫೋನು ಅನ್ನುತ್ತಾರೆ. ನಾಲ್ಕು ವರ್ಷ ದಾಟಿತೋ, ಎಲ್ಲವೂ ಒಂದೇ ಸಮನೆ ತೆವಳುತ್ತವೆ. ಅಲ್ಲಾ, ಎತ್ತು ಕುಂಟಿದರೆ ಮಾರಿದವನ ಮನೆಬಾಗಿಲಿಗೆ ಹೋಗಿ ಜಗಳ ತೆಗೆಯುವ ಜನ ಇವರು! ಫೋನು ಕುಂಟಿದರೆ ಮಾತ್ರ ತಮ್ಮನ್ನೇ ಬೈದುಕೊಳ್ಳುತ್ತಾರೆ. ಹೊಸದು ಕೊಳ್ಳುವಾಗ ಹತ್ತರಲ್ಲಿ ಎಂಟು ಮಂದಿ ಮತ್ತೆ ಹಕ್ಕಿಯನ್ನೇ ಕೇಳುತ್ತಾರೆ ಎಂಬುದು ದುರುಗೇಶ್ ಅವರ ಅಂದಾಜು.

ದುರುಗೇಶ್ ಜಗಳೂರು ಕಡೆಯವರು, ಈಗ ನಲವತ್ತೊಂದು. ಎಸ್ಸೆಸ್ಸೆಲ್ಸಿ ಕೈಕೊಟ್ಟ ಮೇಲೆ ದಾವಣಗೆರೆ ಸೇರಿ, ಮುಂದೆ ಹಕ್ಕಿ ಕಂಪನಿಯದೇ ಸರ್ವೀಸ್ ಸೆಂಟರಿನಲ್ಲಿ ಆರು ವರ್ಷ ದುಡಿದರು. ಸದಾ ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಂಡಿದೆ, ಕಣ್ಣಲ್ಲಿ ನೀರು ನಿಲ್ಲುವುದಿಲ್ಲ. ಬ್ಯಾಟರಿಗೆ ವಯಸ್ಸಾದರೆ ಹಕ್ಕಿ ಫೋನು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಸರ್ವೀಸ್ ಸೆಂಟರಿನಲ್ಲಿ ಅದನ್ನು ಗಿರಾಕಿಗೆ ಹೇಳುವ ಹಾಗಿರಲಿಲ್ಲ. “‘ಫೋನ್ ತುಂಬೈತೆ, ಹಗುರ ಮಾಡೋಣ’ ಅನ್ನಬೇಕು ಅಂತ ಕಲಿಸಿದ್ರು. ಹಂಗಂದ್ರೆ ತಪ್ಪು ಗಿರಾಕಿದೇ ಆಗ್ತೈತಲ್ರೀ,” ಎನ್ನುತ್ತಾರೆ. ಆ ‘ಹಗುರ’ ಎಂಬ ಮಾತನ್ನು ನಾಲಿಗೆಯ ಮೇಲಿಟ್ಟುಕೊಂಡೇ ಅವರು ನ್ಯಾಮತಿಗೆ ಬಂದು ಸ್ವಂತ ಅಂಗಡಿ ತೆರೆದರು.

ಎರಡು ವರ್ಷದ ಹಿಂದೆ ಸಾಸ್ವೆಹಳ್ಳಿಯ ಕೆಂಪಕ್ಕ ಒಂದು ಹಕ್ಕಿ ಫೋನು ತಂದರು. ಕೂಲಿ ಕೆಲಸದ ಹೆಂಗಸು, ಓದು ಬಾರದು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು ವಿಜಯಶ್ರೀ ತಾನೇ ಆರಿಸಿ ಕೊಡಿಸಿದ್ದ ಫೋನದು. ಅಮ್ಮನಿಗೆ ಅಕ್ಷರ ಬಾರದೆಂದು ಅವಳು ದಿನಾ ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸುತ್ತಿದ್ದಳು. ಜ್ವರ ಬಂದು ಮಗಳು ತೀರಿಕೊಂಡಿದ್ದಳು. ಅವಳ ಫೋನೂ ಸಾವಿನ ಗಲಾಟೆಯಲ್ಲಿ ಕಳೆದುಹೋಗಿತ್ತು. ಇದ್ಯಾವುದೂ ದುರುಗೇಶ್‌ಗೆ ಗೊತ್ತಿರಲಿಲ್ಲ. ಅವತ್ತು ಸಂತೆ, ಅಂಗಡಿಯ ಮುಂದೆ ಜನ.

“ಹಗುರ ಮಾಡ್ಲೇನಕ್ಕ?” ಎಂದರು.

“ಮಾಡಪ್ಪ. ಸುಸೂತ್ರ ಓಡಿದ್ರೆ ಸಾಕು,” ಎಂದರು ಕೆಂಪಕ್ಕ.

ಹಗುರ ಎಂದರೆ ಒಳಗಿದ್ದದ್ದನ್ನೆಲ್ಲ ಅಳಿಸುವುದೆಂದು ಆ ಹೆಂಗಸಿಗೆ ಹೇಗೆ ತಿಳಿಯಬೇಕು? ಐದು ನಿಮಿಷದ ಕೆಲಸ. ಮೂರನೇ ದಿನ ಕೆಂಪಕ್ಕ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ವಾಪಸು ಬಂದರು. “ದುರುಗೇಶಪ್ಪ, ನನ್ ಮಗಳು ಮಾತಾಡವಲ್ಲಳು ನೋಡು,” ಎಂದರು.

“ನಾನು ಅಳಿಸಿದ್ದು ಏನು ಅಂತ ಆವಾಗ ಗೊತ್ತಾತ್ರಿ ನಂಗೆ,” ಎನ್ನುತ್ತಾರೆ ದುರುಗೇಶ್. “ಅಳಿಸಿದ್ದಕ್ಕೆ ಫೋನೇನೂ ಜೋರಾಗಿ ಓಡ್ಲಿಲ್ಲ. ಬ್ಯಾಟರಿ ಬದಲಿಸ್ಬೇಕಿತ್ತು, ಅಷ್ಟೇ.”

ಹುಡುಕಿ ಕೊಡುತ್ತೇನೆಂದು ಅವರು ಆ ಫೋನನ್ನು ಇಟ್ಟುಕೊಂಡರು. ಹಳೆಯದೊಂದು ಫೋನಿಗೆ ಸಿಮ್ ಹಾಕಿ ಕೆಂಪಕ್ಕನ ಕೈಗಿತ್ತರು. ದಾವಣಗೆರೆಯ ಗೆಳೆಯರಿಗೆ ತೋರಿಸಿದರು, ಬೆಂಗಳೂರಿಗೆ ಎರಡು ಸಲ ಕಳಿಸಿದರು. ಕೆಂಪಕ್ಕ ಮಾತ್ರ ತಪ್ಪದೆ ಪ್ರತಿ ಸಂತೆಗೂ ಬಂದು, “ಸಿಕ್ತೇನಪ್ಪ?” ಎಂದು ಕೇಳಿ ಹೋಗುತ್ತಿದ್ದರು. ಒಂದೇ ಒಂದು ಮಾತಾದರೂ ಸಿಗಲಿ ಎಂದು ದುರುಗೇಶ್ ಕಂಡ ದೇವರಿಗೆಲ್ಲ ಕೈಮುಗಿದರು. ಕಳೆದ ತಿಂಗಳು ಬೆಂಗಳೂರಿನಿಂದ ಕಡೆಯ ಉತ್ತರ ಬಂತು. ಏನೂ ಉಳಿದಿಲ್ಲ.

ಸಂತೆಯ ದಿನ ಅದನ್ನು ಹೇಳಿದಾಗ ಕೆಂಪಕ್ಕ ಅಂಗಡಿಯ ಬೆಂಚಿನ ಮೇಲೆ ಕೂತರಂತೆ. ಎದುರಿಗೆ ಎರಡು ಬಸ್ಸು ಬಂದು ಹೋದವು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹೊಸದೊಂದು ಕೊಡ್ಸಪ್ಪ. ಹಕ್ಕೀದೇ ಇರ್ಲಿ,” ಎಂದರು.

ದುರುಗೇಶ್‌ಗೆ ತಡೆಯಲಾಗಲಿಲ್ಲ. “ಆ ಕಂಪನಿ ಸಹವಾಸ ಇನ್ಯಾಕಕ್ಕ? ನಾಕು ವರ್ಷಕ್ಕೆ ಮತ್ತೆ ಇದೇ ಗತಿ!”

“ನನ್ ಮಗಳು ಆರಿಸಿದ್ದು ಅದು. ನಾನು ಬ್ಯಾರೆ ತಗಂಡ್ರೆ ಅವಳ ಮಾತು ತೆಗೆದುಹಾಕಿದಂಗೆ ಆಗಾಕಿಲ್ವೇನಪ್ಪ?”

ದುರುಗೇಶ್ ಹಕ್ಕಿಯನ್ನೇ ತರಿಸಿಕೊಟ್ಟರು. ಈ ಕಥೆಯನ್ನು ಅವರು ಯಾರಿಂದಲೂ ಮುಚ್ಚಿಡುವುದಿಲ್ಲ, ಕೇಳಿದವರಿಗೆಲ್ಲ ಹೇಳುತ್ತಾರೆ. ಕೇಳಿದವರು “ನಿಂದೇನು ತಪ್ಪು ಬಿಡೋ” ಎಂದರೆ ಮುಖ ತಿರುಗಿಸುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ.

“ಆಯಮ್ಮ ಒಂದ್ಸಲ ನನ್ನ ಬೈದ್ರೆ ಸಾಕ್ರೀ,” ಎನ್ನುತ್ತಾರೆ. “ಬೈಯಾಕಿಲ್ಲ. ಮೊನ್ನೇನೂ ಬಂದಿದ್ಲು. ಹೊಸ ಫೋನನ್ನೂ ನೋಡು ಅಂತ ನನ್ನ ಕೈಗೇ ಕೊಟ್ಟು, ‘ನಿನ್ನ ಬಿಟ್ಟು ಇನ್ಯಾರ ಹತ್ರ ಹೋಗ್ಲಪ್ಪ’ ಅಂದ್ಲು.”