ಕಲಾಯಿಯವನ ಮಗಳ ಪ್ರಬಂಧ

1963ರ ಜೂನ್ ತಿಂಗಳಲ್ಲಿ ಶಿಗ್ಗಾಂವದ ಹೊಸ ಕಾಲೇಜೊಂದಕ್ಕೆ ನಾನು ಕನ್ನಡ ಉಪನ್ಯಾಸಕಿಯಾಗಿ ಸೇರಿದೆ. ಆಗ ನನಗೆ ಇಪ್ಪತ್ತಾರು ವರ್ಷ. ಹುದ್ದೆ ಹಂಗಾಮಿ. ಮೇ ತಿಂಗಳ ಕೊನೆಯೊಳಗೆ ಆಡಳಿತ ಮಂಡಳಿಯಿಂದ ಮುಂದುವರಿಕೆಯ ಆದೇಶ ಬಂದರೆ ಕೆಲಸ ಉಂಟು, ಬರದಿದ್ದರೆ ಇಲ್ಲ. ಆ ಕಾಲೇಜು ಬಹಳ ವರ್ಷ ನಡೆಯಲಿಲ್ಲ. ಅದರ ಹೆಸರನ್ನು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೆರಡು ವರ್ಷ ರೆಟರಿಕ್ ಕಲಿಸಿದೆ. ರೆಟರಿಕ್ ಅಂದರೆ ಮಾತಿನಿಂದ, ಬರಹದಿಂದ ಇನ್ನೊಬ್ಬರನ್ನು ಒಪ್ಪಿಸುವ ವಿದ್ಯೆ. ಬರವಣಿಗೆ ವಿಭಾಗದ ನಿರ್ದೇಶಕಿಯಾಗಿ ನಿವೃತ್ತಳಾದೆ. ಆದರೆ ಆ ವಿದ್ಯೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದನ್ನು ಕಲಿತದ್ದು ಶಿಗ್ಗಾಂವದ ಆ ಒಂದೇ ವರ್ಷದಲ್ಲಿ.

ನನ್ನ ತಂದೆ ಹಾನಗಲ್ಲಿನ ಮಾಮಲೇದಾರ ಕಚೇರಿಯ ಎದುರು ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಶಾಲೆಗೆ ರಜೆ ಇದ್ದಾಗ ನಾನು ಅವರ ಪಕ್ಕದಲ್ಲಿ ಕುಳಿತಿರುತ್ತಿದ್ದೆ. "ನಮ್ಮ ಬದುವಿನ ಮ್ಯಾಲಿನ ಜಾಲಿಗಿಡಾ ಕಡದ್ರು, ಕೇಳಾಕ ಹೋದ್ರ ನಾಯಿ ಬಿಟ್ರು" ಎಂದು ರೈತ ಹೇಳಿದ್ದು ತಂದೆಯ ಕಾಗದದಲ್ಲಿ "ತಾವು ದಯಾಳುಗಳಾಗಿ ಈ ಬಡವನ ವಿನಂತಿಯನ್ನು ಮನ್ನಿಸಬೇಕು" ಎಂದಾಗುತ್ತಿತ್ತು. ಜಾಲಿಗಿಡವೂ ಇಲ್ಲ, ನಾಯಿಯೂ ಇಲ್ಲ. ಕೇಳಿದರೆ, "ಸಾಹೇಬ್ರು ಇಂಥಾದ್ದನ್ನ ಓದ್ತಾರವ್ವಾ" ಎನ್ನುತ್ತಿದ್ದರು. ಅವರ ಮೇಲೆ ನನಗೆ ಎಷ್ಟೇ ಪ್ರೀತಿಯಿದ್ದರೂ ಈ ಒಂದು ಮಾತಿಗೆ ನಾನು ಎಂದೂ ತಲೆದೂಗಲಿಲ್ಲ.

ಪಿ.ಯು.ಸಿ. ತರಗತಿಯಲ್ಲಿ ನಲವತ್ತೊಂದು ವಿದ್ಯಾರ್ಥಿಗಳು, ಅವರಲ್ಲಿ ಮೂವರು ಹುಡುಗಿಯರು. ವಾರಕ್ಕೆ ಎರಡು ಕಾಂಪೋಜಿಶನ್ ಪಿರಿಯಡ್ ನನ್ನ ಪಾಲಿಗಿದ್ದವು. ಮೊದಲ ವಾರ ‘ನನ್ನ ಊರು’ ಎಂಬ ಪ್ರಬಂಧ ಬರೆಸಿದೆ. ಬಂದವರು ಬೇರೆ ಬೇರೆ ಊರಿನವರಾದರೂ ಎಲ್ಲರ ಊರೂ ಒಂದೇ ಆಗಿತ್ತು. ಪ್ರತಿ ಊರಿನಲ್ಲೂ ಒಂದು ನದಿ ಜುಳುಜುಳು ಹರಿಯುತ್ತಿತ್ತು. ನಿನ್ನ ಊರಿನಲ್ಲಿ ನದಿ ಎಲ್ಲಿದೆಯಪ್ಪಾ ಎಂದು ಒಬ್ಬನನ್ನು ಕೇಳಿದಾಗ ಅವನು ತಲೆ ಕೆರೆದುಕೊಂಡು, "ಗೈಡಿನ್ಯಾಗ ಐತ್ರಿ" ಎಂದ.

ಅಂದಿನಿಂದ ಗೈಡನ್ನು ತರಗತಿಯ ಬಾಗಿಲಾಚೆ ಇಡಿಸಿದೆ. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು. ಬರೆದದ್ದನ್ನು ಎದ್ದು ನಿಂತು ಓದಬೇಕು. ಎಲ್ಲಿ ನಂಬಿಕೆ ಬರಲಿಲ್ಲ ಎಂದು ಉಳಿದವರು ಹೇಳಬೇಕು. ಆಮೇಲೆ ಮತ್ತೆ ಬರೆಯಬೇಕು. ಈಗ ಇದು ದೊಡ್ಡ ಸಂಗತಿಯಲ್ಲ. ಆಗ ಪಾಲಕರಿಂದ ದೂರು ಬಂತು: ಅಕ್ಕಾರು ಪಾಠ ಮಾಡುವುದಿಲ್ಲ, ಹುಡುಗರ ಕಡೆಯಿಂದಲೇ ಮಾಡಿಸುತ್ತಾರೆ ಎಂದು. ಆ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕಾರು ಎಂದೇ ಕರೆಯುತ್ತಾರೆ.

ಮೂವರು ಹುಡುಗಿಯರಲ್ಲಿ ಒಬ್ಬಳು ರಜಿಯಾ. ಸವಣೂರಿನವಳು. ಅವಳ ತಂದೆ ಇಮಾಮಸಾಬ ಊರೂರು ತಿರುಗಿ ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಗೆ ತವರ ಬಳಿದು ಕಲಾಯಿ ಹಾಕುತ್ತಿದ್ದ. ಶಿಗ್ಗಾಂವದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಅವಳು ಕಾಲೇಜಿಗೆ ಬರುತ್ತಿದ್ದಳು. ಮನೆಯ ಮಾತು ಉರ್ದು, ಕಲಿತದ್ದು ಕನ್ನಡ ಶಾಲೆಯಲ್ಲಿ. ತರಗತಿಯಲ್ಲಿ ಬಾಯಿ ಬಿಡುತ್ತಿದ್ದದ್ದು ಕಡಿಮೆ. ನಿಧಾನವಾಗಿ ಬರೆಯುತ್ತಿದ್ದಳು, ಬರೆದದ್ದನ್ನು ಹೊಡೆದುಹಾಕುತ್ತಿದ್ದಳು, ಗಂಟೆ ಬಾರಿಸಿದ ಮೇಲೂ ಏಳುತ್ತಿರಲಿಲ್ಲ.

ಡಿಸೆಂಬರಿನಲ್ಲಿ ‘ನಮ್ಮ ಮನೆಯ ಕಸುಬು’ ಎಂಬ ವಿಷಯ ಕೊಟ್ಟೆ. ಎಲ್ಲಕ್ಕಿಂತ ಒಳ್ಳೆಯ ಪ್ರಬಂಧವನ್ನು ಫೆಬ್ರುವರಿಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕ ಸಮ್ಮೇಳನದಲ್ಲಿ, ವೇದಿಕೆಯ ಮೇಲೆ ಓದಿಸುವುದೆಂದು ಗೊತ್ತಾಗಿತ್ತು. ರಜಿಯಾ ನಾಲ್ಕು ಸಲ ತಿದ್ದಿ ಬರೆದು ತಂದಳು. ಅದರ ಒಂದು ಭಾಗ ನನಗೆ ಇಂದಿಗೂ ಬಾಯಿಪಾಠವಿದೆ:

"ದೊಡ್ಡ ಬಾಗಿಲಿನ ಒಂದು ಮನೆಗೆ ನಾವು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದೆವು. ಬಾಗಿಲಿಗೆ ಹಿತ್ತಾಳೆಯ ಆನೆಗಳಿದ್ದವು. ಗಟಾರದ ಆಚೆ ಕುಳಿತು ಅಪ್ಪ ತಿದಿ ಒತ್ತುತ್ತಿದ್ದ. ಕಪ್ಪು ಹಂಡೆಯೊಳಗೆ ತವರ ಹರಿದಾಡಿ ಬೆಳ್ಳಗಾದಾಗ ಅದರಲ್ಲಿ ಅಪ್ಪನ ಮುಖ ಕಾಣುತ್ತಿತ್ತು. ಆಮೇಲೆ ಮನೆಯವರು ದೂರದಿಂದ ನೀರು ಸುರಿದು, ಎರಡು ಸಲ ತೊಳೆದು, ಹಂಡೆಯನ್ನು ಒಳಗೆ ಒಯ್ಯುತ್ತಿದ್ದರು. ಅವರು ತೊಳೆಯುವುದು ಏನನ್ನು ಎಂದು ನಾನು ಅಪ್ಪನನ್ನು ಕೇಳಿದೆ. ಅಪ್ಪ ಬೆಂಕಿ ಆರಿಸುತ್ತಿದ್ದ. ಹಬ್ಬದ ದಿನ ಅದೇ ಹಂಡೆಯಲ್ಲಿ ಮಾಡಿದ ಹುಗ್ಗಿಯನ್ನು ನಮಗೆ ಎಲೆಯಲ್ಲಿ ಹಾಕಿ ಕೊಟ್ಟರು."

ನಾನು ಮತ್ತೊಮ್ಮೆ ಓದಿದೆ. ಎರಡು ಒತ್ತಕ್ಷರ ತಪ್ಪಿದ್ದವು, ತಿದ್ದಿದೆ. ಮೊದಲ ಬಹುಮಾನ ಎಂದು ಬರೆದು ಪ್ರಿನ್ಸಿಪಾಲರಿಗೆ ಕಳಿಸಿದೆ. ಹಿತ್ತಾಳೆಯ ಆನೆಗಳಿದ್ದ ಬಾಗಿಲು ಶಿಗ್ಗಾಂವದಲ್ಲಿ ಒಂದೇ ಇತ್ತು, ಅದು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರ ಮನೆಯದಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕಳಿಸುತ್ತಿದ್ದೆ.

ಅಧ್ಯಕ್ಷರು ಕಾಳುಕಡಿಯ ದೊಡ್ಡ ವ್ಯಾಪಾರಿ. ಕಾಲೇಜಿಗೆ ಜಾಗ ಕೊಟ್ಟವರು. ರಜಿಯಾ ಅವರ ಹೆಸರು ಬರೆದಿರಲಿಲ್ಲ. ಅವರೇ ತಮ್ಮನ್ನು ಗುರುತಿಸಿಕೊಂಡರು. ಆದರೆ ಆಕ್ಷೇಪಣೆ ಬಂದದ್ದು ಬೇರೆ ರೂಪದಲ್ಲಿ. ಉರ್ದು ಮಾತಾಡುವ ಕಲಾಯಿಯವನ ಮಗಳು ಇಂಥ ಕನ್ನಡ ಬರೆಯಲು ಶಕ್ಯವಿಲ್ಲ, ಬೇರೆಯವರು ಬರೆದುಕೊಟ್ಟಿದ್ದಾರೆ, ಇದು ನಕಲು, ಇನ್‌ಕ್ವಾಯರಿ ಆಗಬೇಕು. ನಕಲು ಸಾಬೀತಾದರೆ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಬಹುದಿತ್ತು.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ. ಮೂವರು ಹೆಣ್ಣುಮಕ್ಕಳ ತಂದೆ, ಬಿಳಿಗೂದಲಿನವರು, ಅಂಜುಬುರುಕರು.

"ಅಕ್ಕಾರ, ಒಂದ ಸಾಲು ಬರದು ಸಹಿ ಮಾಡಿಬಿಡ್ರಿ," ಎಂದರು. "ತಿದ್ದುವಾಗ ಪ್ರಬಂಧ ಬಹಳಷ್ಟು ಬದಲಾಯಿಸೇನಿ ಅಂತ. ಹುಡುಗಿಗೂ ತ್ರಾಸ ಇಲ್ಲ, ನಿಮಗೂ ಇಲ್ಲ. ಮೇ ತಿಂಗಳದ ಆರ್ಡರ್ ನಾ ನೋಡ್ಕೋತೇನಿ."

"ನಾ ತಿದ್ದಿದ್ದು ಎರಡು ಒತ್ತಕ್ಷರ ಸರ್," ಎಂದೆ. "ಬೇಕಂದ್ರ ಅಷ್ಟ ಬರದು ಕೊಡ್ತೇನಿ."

ಅಲ್ಲೇ ಕುಳಿತು ಬರೆದುಕೊಟ್ಟೆ. ಯಾವ ಪದದಲ್ಲಿ ಯಾವ ಒತ್ತು ಎಂಬುದನ್ನೂ ನಮೂದಿಸಿ, ದಿನಾಂಕ ಹಾಕಿ, ಸಹಿ ಮಾಡಿದೆ. ಅವರು ಆ ಕಾಗದವನ್ನು ಬಹಳ ಹೊತ್ತು ನೋಡಿ ಫೈಲಿನಲ್ಲಿಟ್ಟರು.

ಇನ್‌ಕ್ವಾಯರಿ ಜನವರಿ ಮೂರನೆಯ ವಾರ ನಡೆಯಿತು. ಮೇಜಿನ ಆಚೆ ಅಧ್ಯಕ್ಷರು, ಪ್ರಿನ್ಸಿಪಾಲರು, ಮಂಡಳಿಯ ಸದಸ್ಯರಾದ ಒಬ್ಬ ವಕೀಲರು. ಪ್ರಿನ್ಸಿಪಾಲರು ರಜಿಯಾಳ ಮುಂದೆ ಬಿಳಿ ಹಾಳೆ ಇಟ್ಟು, ‘ವಸಂತ ಋತು’ ಎಂಬ ವಿಷಯದ ಮೇಲೆ ಇಲ್ಲೇ ಕುಳಿತು ಒಂದು ಪುಟ ಬರೆಯಲು ಹೇಳಿದರು. ಅವಳು ಹಾಳೆಯನ್ನು ಮುಟ್ಟಲಿಲ್ಲ.

"ಬರೀತಿದ್ದೆ ಸರ್," ಎಂದಳು. "ಆದ್ರ ಕ್ಲಾಸಿನ್ಯಾಗ ನಲವತ್ತೊಂದು ಮಂದಿ ಅದೀವಿ. ಗೈಡ್ ನೋಡಿ ಬರದವ್ರನ್ನ ಯಾರೂ ಕೇಳಲಿಲ್ಲ. ನನಗೊಬ್ಬಾಕಿಗೇ ಯಾಕ್ರಿ ಈ ಪರೀಕ್ಷಾ?"

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅವಳ ಮೇಲೆ ಸಿಟ್ಟು ಬಂತು. ಬರೆಯಲಿ, ಬರೆದು ಅವರ ಬಾಯಿ ಮುಚ್ಚಿಸಲಿ ಎಂದು ನಾನೇ ಮನಸ್ಸಿನಲ್ಲಿ ಆಸೆಪಟ್ಟಿದ್ದೆ. ಹಾಳೆ ತೆಗೆದುಕೊಂಡರೆ ಆರೋಪಕ್ಕೆ ಅರ್ಧ ತಲೆ ಬಾಗಿಸಿದಂತೆ ಎಂಬುದು ಹದಿನೇಳು ವರ್ಷದ ಹುಡುಗಿಗೆ ತಿಳಿಯಿತು, ಅವಳಿಗೆ ಬರೆಯಲು ಕಲಿಸುತ್ತಿದ್ದ ನನಗೆ ತಿಳಿದಿರಲಿಲ್ಲ.

ವಕೀಲರು ತಂದೆಯನ್ನು ಕರೆಯಿರಿ ಎಂದರು. ಇಮಾಮಸಾಬ ಬೆಳಗಿನ ಬಸ್ಸಿಗೆ ಸವಣೂರಿನಿಂದ ಬಂದು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದ. ಉಗುರುಗಳಲ್ಲಿ ಮಸಿ ಕೂತ, ತೆಳ್ಳನೆಯ ಎತ್ತರದ ಮನುಷ್ಯ. ಒಳಗೆ ಬಂದು ಗೋಡೆಗೆ ಅಂಟಿ ನಿಂತ. ನಾನು ನನ್ನ ಕುರ್ಚಿಯನ್ನು ಅವನ ಕಡೆ ಸರಿಸಿ, "ಕುಂಡ್ರಿ" ಎಂದೆ. ಅವನು ಅಧ್ಯಕ್ಷರ ಮುಖ ನೋಡಿದ, ಮಗಳ ಮುಖ ನೋಡಿದ, ಆಮೇಲೆ ಕುಳಿತ. ನಾನು ನಿಂತುಕೊಂಡೆ.

"ಇಮಾಮಸಾಬ, ಇದನ್ನ ನೀ ಹೇಳಿ ಬರಸಿದೇನು?" ಎಂದು ಅಧ್ಯಕ್ಷರು ಕೇಳಿದರು.

"ಏನ್ ಬರದಾಳ ನನಗ ಗೊತ್ತಿಲ್ರಿ ಸಾವಕಾರ್ರ. ನನಗ ಕನ್ನಡ ಓದಾಕ ಬರಂಗಿಲ್ಲ. ಯಾರರ ಓದಿ ಹೇಳಿದ್ರ ಹೇಳ್ತೇನಿ."

ಯಾರೂ ಕೈ ಚಾಚಲಿಲ್ಲ. ನಾನು ಮೇಜಿನ ಮೇಲಿಂದ ಪ್ರಬಂಧವನ್ನು ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದುವಾಗ ಧ್ವನಿ ತಗ್ಗಿಸಲಿಲ್ಲ. ರಜಿಯಾ ನೆಲ ನೋಡುತ್ತಿದ್ದಳು. ಇಮಾಮಸಾಬ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಬಹಳ ಮೆಲ್ಲಗೆ ಹೇಳಿದ:

"ನಾ ಹೇಳಿ ಬರಸಿದ್ರ ತಪ್ಪು ಆಗ್ತಿರಲಿಲ್ರಿ. ಎರಡ ಸಲ ತೊಳದ್ರು ಅಂತ ಬರದಾಳ. ಆಕಿ ಆವಾಗ ಸಣ್ಣಾಕಿ ಇದ್ಲು, ನೆನಪು ಉಳದಿಲ್ಲ. ನಿಮ್ಮ ಮನ್ಯಾಗ ಮೂರು ಸಲ ತೊಳೀತಿದ್ರಿ."

ಅವನ ಮಾತಿನಲ್ಲಿ ಚುಚ್ಚುವ ಭಾವವೇ ಇರಲಿಲ್ಲ. ಲೆಕ್ಕ ತಪ್ಪಿದ್ದನ್ನು ಸರಿಪಡಿಸುವ ಕಸುಬುದಾರನ ಮಾತು ಅದು. ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಅಧ್ಯಕ್ಷರು ಎದ್ದು ಹೋದರು.

ಎರಡು ದಿನದ ನಂತರ ಪ್ರಿನ್ಸಿಪಾಲರ ಸಹಿಯ ಚೀಟಿ ಬಂತು. ಆರೋಪ ಸಾಬೀತಾಗಿಲ್ಲ. ಆದರೆ ಸಮಯದ ಅಭಾವದಿಂದ ಗ್ಯಾದರಿಂಗಿನಲ್ಲಿ ಪ್ರಬಂಧ ವಾಚನ ಇರುವುದಿಲ್ಲ. ಅದೇ ಕಾರ್ಯಕ್ರಮದಲ್ಲಿ ಒಂದು ಏಕಪಾತ್ರಾಭಿನಯ, ಮೂರು ಸಮೂಹಗಾನ ಮತ್ತು ನಾಲ್ವರ ಭಾಷಣಗಳಿಗೆ ಸಮಯ ಇತ್ತು.

ನಿರೂಪಣೆಯ ಕೆಲಸ ನನ್ನದೇ ಆಗಿತ್ತು. ಅದನ್ನು ನನ್ನಿಂದ ತೆಗೆಯಲು ಅವರಿಗೆ ಹೊಳೆಯಲಿಲ್ಲ. ನಾನು ಸವಣೂರಿಗೆ ಹೋಗಿ ಮೊದಲು ಇಮಾಮಸಾಬನನ್ನು ಕಂಡೆ. ಮಗಳು ವೇದಿಕೆಯ ಮೇಲೆ ಓದಿದರೆ ಅಧ್ಯಕ್ಷರ ಮನೆಯ ಕೆಲಸ ಕೈಬಿಟ್ಟು ಹೋಗಬಹುದು ಎಂದೆ.

"ಆ ಬಾಗಲಾ ಹೋದ್ರ ಹೋತ್ರಿ ಅಕ್ಕಾರ," ಎಂದ. "ಊರಾಗ ಹಂಡೆಗೇನ್ ಕಡಿಮಿ ಇಲ್ಲ. ಆಕಿ ಮನಸ್ಸಿನ್ಯಾಗ ಇದ್ರ ಓದಲಿ."

ಶಿಗ್ಗಾಂವಕ್ಕೆ ಮರಳಿ ಕೇಳಿದಾಗ ರಜಿಯಾ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಒಂದು ಪ್ರಶ್ನೆ ಕೇಳಿದಳು.

"ನಾ ಓದಿದ್ರ ನಿಮಗ ಏನ್ ಮಾಡ್ತಾರ್ರಿ?"

"ಮನಿಗೆ ಕಳಸ್ತಾರ."

"ನನಗ?"

"ಏನರ ನೆವ ಹುಡುಕಬಹುದು. ಸುಳ್ಳು ಹೇಳಂಗಿಲ್ಲ ನಾನು."

ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ಕರೀರಿ, ಬರ್ತೇನಿ. ಕಳಸಿದ್ರ ಇಬ್ಬರೂ ಕೂಡೇ ಹೋಗೂಣು."

ಗ್ಯಾದರಿಂಗಿನ ದಿನ ಎರಡನೆಯ ಸಮೂಹಗಾನ ಮುಗಿದ ಮೇಲೆ ನಾನು ಮೈಕಿನ ಮುಂದೆ ಹೋಗಿ, "ಈ ವರ್ಷದ ಮೊದಲ ಬಹುಮಾನದ ಪ್ರಬಂಧವನ್ನು ಕುಮಾರಿ ರಜಿಯಾ ಓದುತ್ತಾಳೆ" ಎಂದೆ. ಪ್ರಿನ್ಸಿಪಾಲರು ಕೈಯಲ್ಲಿದ್ದ ಕಾರ್ಯಕ್ರಮ ಪತ್ರಿಕೆಯನ್ನು ತಿರುವಿ ಹಾಕಿದರು. ಅಧ್ಯಕ್ಷರು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿದ್ದರು. ಊರಿನ ನಾಲ್ಕುನೂರು ಜನರ ಎದುರು ಹುಡುಗಿಯನ್ನು ತಡೆಯುವುದು ಸುಲಭವಿರಲಿಲ್ಲ.

ರಜಿಯಾ ಕಾಗದ ಬಿಡಿಸಿ ಹಿಡಿದಳು. "ಇದರಾಗ ಒಂದು ತಪ್ಪಿತ್ತು," ಎಂದು ಶುರುಮಾಡಿದಳು. "ನಮ್ಮಪ್ಪ ತೋರಿಸಿದ್ರು. ತಿದ್ದಿ ಓದಾಕತ್ತೇನಿ."

ಓದಿದಳು. ‘ಮೂರು ಸಲ’ ಎಂಬಲ್ಲಿ ಅವಳು ನಿಲ್ಲಲೂ ಇಲ್ಲ, ಒತ್ತಿ ಹೇಳಲೂ ಇಲ್ಲ. ಮುಗಿದಾಗ ಚಪ್ಪಾಳೆ ಬರಲಿಲ್ಲ. ಸ್ವಲ್ಪ ತಡವಾಗಿ ಹಿಂದಿನ ಸಾಲಿನಿಂದ ನನ್ನ ತರಗತಿಯ ಹುಡುಗರು ತಟ್ಟತೊಡಗಿದರು. ಹೆಂಗಸರು ಕುಳಿತ ಜಮಖಾನೆಯ ಕಡೆಯಿಂದಲೂ ಕೆಲವರು ತಟ್ಟಿದರು. ಅಧ್ಯಕ್ಷರು ಎದ್ದು ಹೋಗಲಿಲ್ಲ. ಕೊನೆಯ ಹಾಡು ಮುಗಿಯುವವರೆಗೂ ಕುಳಿತಿದ್ದರು. ಅವರ ಬಗ್ಗೆ ಅಷ್ಟನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ.

ಮೇ ತಿಂಗಳು ಬಂತು, ಆದೇಶ ಬರಲಿಲ್ಲ. ಹಾನಗಲ್ಲಿಗೆ ಹಿಂತಿರುಗಿದೆ, ಒಂದು ವರ್ಷ ಮನೆಯಲ್ಲಿ ಕುಳಿತೆ. ಪ್ರಿನ್ಸಿಪಾಲರು ಕೊಟ್ಟ ಶಿಫಾರಸು ಪತ್ರದಲ್ಲಿ "ಸ್ವತಂತ್ರ ಸ್ವಭಾವದವರು" ಎಂಬ ಮಾತಿತ್ತು. ಹೊಗಳಿಕೆಯೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ. ಅದೇ ಪತ್ರ ಹಿಡಿದು ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೋದೆ, ಕೆಲಸ ಸಿಕ್ಕಿತು. ರಜಿಯಾಳನ್ನು ತೆಗೆಯಲು ಅವರಿಗೆ ನೆವ ಸಿಗಲಿಲ್ಲ. ಅವಳು ಪಾಸಾಗಿ, ಶಿಕ್ಷಕಿಯ ತರಬೇತಿ ಮುಗಿಸಿ, ಹಿರೇಕೆರೂರಿನ ಕಡೆಯ ಒಂದು ಕನ್ನಡ ಶಾಲೆ ಸೇರಿದಳು.

ಆಮೇಲಿನ ವರ್ಷಗಳಲ್ಲಿ, ಹಳ್ಳಿಯಿಂದ ಬಂದ ವಿದ್ಯಾರ್ಥಿಗಳು ಚೆನ್ನಾಗಿ ಬರೆದಾಗಲೆಲ್ಲ ಯಾರೋ ಒಬ್ಬರು ನನ್ನ ಕೋಣೆಗೆ ಬಂದು, ಇದನ್ನು ಅವನೇ ಬರೆದದ್ದೆಂದು ಹೇಗೆ ನಂಬುತ್ತೀರಿ ಎಂದು ಕೇಳುತ್ತಿದ್ದರು. ಕೆಟ್ಟದಾಗಿ ಬರೆದವರ ಬಗ್ಗೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಾನು ನಿರ್ದೇಶಕಿಯಾಗಿದ್ದಷ್ಟು ಕಾಲ ಅನುಮಾನದ ಮೇಲೆ ಒಬ್ಬರನ್ನೂ ಬೇರೆಯಾಗಿ ಕೂರಿಸಿ ಬರೆಸಲಿಲ್ಲ. ಇದಕ್ಕಾಗಿ ನನ್ನ ಮೇಲೆ ಎರಡು ಸಲ ವರದಿ ಹೋಯಿತು. ಹೋಗಲಿ ಎಂದುಕೊಂಡೆ.

ನನ್ನ ಕೆಲಸ ನನಗೆ ಕಲಿಸಿದ್ದು ಇದು: ಬರೆಯಲು ಕಲಿಸುವವರ ಜವಾಬ್ದಾರಿ ತಪ್ಪು ತಿದ್ದುವಲ್ಲಿಗೆ ಮುಗಿಯುವುದಿಲ್ಲ. ಕಂಡದ್ದನ್ನು ಬರೆ ಎಂದು ವಿದ್ಯಾರ್ಥಿಗೆ ಹೇಳಿದ ಮೇಲೆ, ಅವರು ಬರೆದದ್ದು ಕೇಳಬೇಕಾದವರ ಕಿವಿಗೆ ಬೀಳುವವರೆಗೂ ಅವರ ಪಕ್ಕದಲ್ಲಿ ನಿಲ್ಲಬೇಕು. ಅಷ್ಟು ಹೊತ್ತು ನಿಲ್ಲಲಾಗದವರು ವ್ಯಾಕರಣ ಕಲಿಸಲಿ. ಅದೂ ಮರ್ಯಾದೆಯ ಕೆಲಸವೇ.